ಮೀನುಗಾರಿಕೆ, ಬಂದರು, ಹಡಗು: ಸಂಸತ್ತಿನಲ್ಲಿ ಪ್ರಶ್ನೆ ಕೇಳಿಸುವುದು ಹೇಗೆ, ಸಚಿವರ ಉತ್ತರ ಓದುವುದು ಹೇಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ಬೋಟ್ ಮಾಲೀಕರ ಸಂಘ, ಮೀನುಗಾರರ ಸಹಕಾರ ಸಂಘ, ಕರಾವಳಿಯ ವರದಿಗಾರರು ಮತ್ತು ಸಂಸದರ ಕಚೇರಿಯಲ್ಲಿ ಪ್ರಶ್ನೆ ಸಿದ್ಧಪಡಿಸುವವರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಮುಖ್ಯವಾಗಿ ಲೋಕಸಭೆಯ ಕ್ರಮವನ್ನೇ ಹೇಳಿದ್ದೇವೆ. ರಾಜ್ಯಸಭೆಯಲ್ಲಿ ಬೇರೆ ಇರುವ ಕಡೆ ಅದನ್ನು ಸೂಚಿಸಿದ್ದೇವೆ.

ಮೀನುಗಾರಿಕೆಗೂ ಹಡಗು ಸಾರಿಗೆಗೂ ಒಬ್ಬರೇ ಸಚಿವರು ಉತ್ತರಿಸುತ್ತಾರೆಯೇ?

ರಾಜ್ಯದಲ್ಲಿ ಹೌದು, ಕೇಂದ್ರದಲ್ಲಿ ಇಲ್ಲ. ಕರ್ನಾಟಕದಲ್ಲಿ ಮೀನುಗಾರಿಕೆ, ಬಂದರು ಮತ್ತು ಒಳನಾಡು ಜಲಸಾರಿಗೆಗೆ ಒಬ್ಬರೇ ಸಚಿವರು. 2023ರಲ್ಲಿ ಈ ಖಾತೆ ವಹಿಸಿಕೊಂಡವರು ಭಟ್ಕಳ ಶಾಸಕ ಮಂಕಾಳ ವೈದ್ಯ. ಕೇಂದ್ರದಲ್ಲಿ ಮೀನುಗಾರಿಕೆ, ಪಶುಸಂಗೋಪನೆ ಮತ್ತು ಹೈನುಗಾರಿಕೆ ಒಂದು ಸಚಿವಾಲಯ. ಬಂದರು, ಹಡಗು ಮತ್ತು ಜಲಮಾರ್ಗ ಇನ್ನೊಂದು. 2024ರ ಜೂನ್‌ನಲ್ಲಿ ಮೊದಲನೆಯದು ರಾಜೀವ್ ರಂಜನ್ ಸಿಂಗ್ ಅವರಿಗೆ ಹೋಯಿತು. ಎರಡನೆಯದರಲ್ಲಿ 2021ರಿಂದ ಇದ್ದ ಸರ್ಬಾನಂದ ಸೋನೋವಾಲ್ ಅವರೇ ಮುಂದುವರಿದರು. ಸಂಪುಟ ಸಚಿವರ ಬದಲು ಅದೇ ಕೇಂದ್ರ ಸಚಿವಾಲಯದ ರಾಜ್ಯ ಸಚಿವರೂ (ಕಿರಿಯ ಸಚಿವರು) ಸದನದಲ್ಲಿ ಉತ್ತರ ಕೊಡಬಹುದು.

ಹಳೆಯ ಉತ್ತರ ಹುಡುಕುವವರು ಒಂದು ವಿಷಯ ನೆನಪಿಡಬೇಕು. 2019ರಲ್ಲಿ ಈ ಪ್ರತ್ಯೇಕ ಮೀನುಗಾರಿಕೆ ಸಚಿವಾಲಯ ಆಗುವವರೆಗೆ ಈ ವಿಷಯ ಕೃಷಿ ಸಚಿವಾಲಯದ ಅಡಿಯಲ್ಲಿತ್ತು. ಹಡಗು ಸಚಿವಾಲಯಕ್ಕೆ ಈಗಿನ ಹೆಸರು ಬಂದದ್ದು 2020ರ ನವೆಂಬರ್‌ನಲ್ಲಿ. 2004ರಿಂದ 2009ರವರೆಗೆ ಹಡಗು, ರಸ್ತೆ ಸಾರಿಗೆ ಮತ್ತು ಹೆದ್ದಾರಿ ಎಲ್ಲವೂ ಒಂದೇ ಸಚಿವಾಲಯದಲ್ಲಿದ್ದವು. ಈಗಿನ ಹೆಸರು ಹಾಕಿ ಹುಡುಕಿದರೆ ಆ ವರ್ಷಗಳ ಉತ್ತರ ಸಿಗುವುದಿಲ್ಲ. ಇಲ್ಲದಿರುವುದಕ್ಕಲ್ಲ, ಬೇರೆ ಕಪಾಟಿನಲ್ಲಿ ಇರುವುದಕ್ಕೆ.

ನಮ್ಮ ಸಮಸ್ಯೆ ಯಾವ ಸಚಿವಾಲಯಕ್ಕೆ ಸೇರುತ್ತದೆ?

ಹೆಚ್ಚಿನ ಪ್ರಶ್ನೆಗಳು ಹಾಳಾಗುವುದು ಇಲ್ಲೇ. ತಪ್ಪು ಸಚಿವಾಲಯಕ್ಕೆ ಹೋದ ಪ್ರಶ್ನೆಯನ್ನು ಸರಿಯಾದ ಕಡೆಗೆ ವರ್ಗಾಯಿಸುತ್ತಾರೆ ನಿಜ. ಆದರೆ ಆ ಸಚಿವಾಲಯದ ಉತ್ತರದ ದಿನ ಬೇರೆ ಇರುತ್ತದೆ. ಅಧಿವೇಶನ ಸಣ್ಣದಿದ್ದರೆ ಅಷ್ಟರಲ್ಲಿ ಅವಕಾಶವೇ ತಪ್ಪಿಹೋಗುತ್ತದೆ.

ಕೇಂದ್ರದ ಮೀನುಗಾರಿಕೆ ಅಭಿವೃದ್ಧಿ ಯೋಜನೆಯಾದ ಮತ್ಸ್ಯ ಸಂಪದ, ಮೀನುಗಾರಿಕಾ ಬಂದರಿನ ಅನುದಾನ, ಕಿಸಾನ್ ಕ್ರೆಡಿಟ್ ಕಾರ್ಡ್, ಅಪಘಾತ ವಿಮೆ, 12 ನಾಟಿಕಲ್ ಮೈಲಿ ಆಚೆಗಿನ ಮೀನುಗಾರಿಕೆ ನಿಯಮಗಳು ಮೀನುಗಾರಿಕೆ ಸಚಿವಾಲಯದವು. ಪ್ರಮುಖ ಬಂದರು, ಹಡಗುಗಳ ನೋಂದಣಿ, ಹಡಗು ಅಪಘಾತದ ತನಿಖೆ, ದೀಪಸ್ತಂಭ, ನಾವಿಕರ ನೇಮಕಾತಿ, ಬಂದರು ಅಭಿವೃದ್ಧಿಯ ಸಾಗರಮಾಲಾ ಯೋಜನೆ ಇವು ಹಡಗು ಸಚಿವಾಲಯದವು. ಮಲ್ಪೆಯಲ್ಲಿ ಟಗ್ (ಹಡಗು ಎಳೆಯುವ ದೋಣಿ) ಕಟ್ಟುವ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಕೂಡ ಕೊಚ್ಚಿನ್ ಶಿಪ್‌ಯಾರ್ಡಿನ ಅಂಗಸಂಸ್ಥೆಯಾದ್ದರಿಂದ ಅಲ್ಲಿಗೇ ಸೇರುತ್ತದೆ.

ಇವೆರಡಕ್ಕೂ ಸೇರದ ವಿಷಯಗಳೇ ಜನರನ್ನು ದಾರಿ ತಪ್ಪಿಸುತ್ತವೆ. ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ನಿಗೆ ಬೇಕಾದ ಸೀಮೆಎಣ್ಣೆ ಹಂಚಿಕೆ ಪೆಟ್ರೋಲಿಯಂ ಸಚಿವಾಲಯದ್ದು. ಕೋಸ್ಟ್‌ಗಾರ್ಡ್ ರಕ್ಷಣಾ ಸಚಿವಾಲಯದ್ದು. ಕರಾವಳಿ ನಿಯಂತ್ರಣ ವಲಯ ಮತ್ತು ಬಂದರಿನ ಪರಿಸರ ಅನುಮತಿ ಪರಿಸರ ಸಚಿವಾಲಯದ್ದು. ಸೀಗಡಿ ರಫ್ತು, ಅಮೆರಿಕದ ಸುಂಕ, ವಿಶ್ವ ವ್ಯಾಪಾರ ಸಂಸ್ಥೆಯ ಮೀನುಗಾರಿಕೆ ಸಬ್ಸಿಡಿ ಒಪ್ಪಂದ ಇವೆಲ್ಲ ವಾಣಿಜ್ಯ ಸಚಿವಾಲಯಕ್ಕೆ. ಬೇರೆ ದೇಶದಲ್ಲಿ ಬಂಧನವಾದ ಮೀನುಗಾರರ ವಿಷಯ ವಿದೇಶಾಂಗಕ್ಕೆ. ಬೂತಾಯಿ, ಬಂಗುಡೆ ಇಳುವರಿ ಅಂದಾಜು ಮಾಡುವ ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಡಿಯಲ್ಲಿದೆ. ಹಾಗಾಗಿ ಅದರ ಬಗೆಗಿನ ಪ್ರಶ್ನೆ ಇವತ್ತಿಗೂ ಕೃಷಿ ಸಚಿವಾಲಯಕ್ಕೇ ಹೋಗುತ್ತದೆ.

ಒಂದೇ ಘಟನೆ ನಾಲ್ಕು ಕಡೆಗೆ ಹಂಚಿಹೋಗುವುದೂ ಇದೆ. 2021ರ ಏಪ್ರಿಲ್‌ನಲ್ಲಿ ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲಿ ದೂರದಲ್ಲಿ ಕೇರಳದ ಬೇಪೂರಿನ ‘ರಬಾ’ ಬೋಟಿಗೆ ‘ಎಪಿಎಲ್ ಲೆ ಹಾವ್ರೆ’ ಎಂಬ ಸಿಂಗಾಪುರ ನೋಂದಣಿಯ ಹಡಗು ಡಿಕ್ಕಿ ಹೊಡೆಯಿತು. ಬೋಟಿನಲ್ಲಿದ್ದ 14 ಮಂದಿಯಲ್ಲಿ ಜೀವಂತ ಸಿಕ್ಕಿದ್ದು ಇಬ್ಬರು. ಇಂಥ ಪ್ರಕರಣದಲ್ಲಿ ಹಡಗಿನ ಮೇಲಿನ ತನಿಖೆ ಹಡಗು ಸಚಿವಾಲಯದ ಅಡಿಯ ಹಡಗು ಮಹಾನಿರ್ದೇಶನಾಲಯದ್ದು, ಶೋಧ ಕಾರ್ಯ ರಕ್ಷಣಾ ಸಚಿವಾಲಯದ್ದು, ವಿಮೆ ಮೀನುಗಾರಿಕೆಯದ್ದು, ಬೋಟಿನ ಪರವಾನಗಿ ರಾಜ್ಯದ್ದು. ಎಲ್ಲವನ್ನೂ ಒಂದೇ ಪ್ರಶ್ನೆಗೆ ತುರುಕಿದರೆ ಒಂದು ಭಾಗಕ್ಕೆ ಉತ್ತರ ಬಂದು, ಉಳಿದವಕ್ಕೆ ‘ಈ ಸಚಿವಾಲಯಕ್ಕೆ ಸಂಬಂಧಿಸಿದ್ದಲ್ಲ’ ಎಂಬ ಸಾಲು ಬರುತ್ತದೆ. ಮೂರು ಬೇರೆ ಬೇರೆ ಪ್ರಶ್ನೆ ಮಾಡಿ, ಮೂರು ಸಂಸದರಿಂದ ಕೇಳಿಸುವುದೇ ಸರಿ.

‘ಮೀನುಗಾರಿಕೆ ರಾಜ್ಯದ ವಿಷಯ’ ಎಂಬ ಉತ್ತರ ಬಂದರೆ ಅದು ನುಣುಚಿಕೊಳ್ಳುವುದಲ್ಲವೇ?

ಅರ್ಧ ನಿಜ, ಅರ್ಧ ನುಣುಚು. ಸಂವಿಧಾನದ ರಾಜ್ಯಪಟ್ಟಿಯ 21ನೇ ನಮೂದು ಮೀನುಗಾರಿಕೆ. ಕೇಂದ್ರಪಟ್ಟಿಯ 57ನೇ ನಮೂದು ಪ್ರಾದೇಶಿಕ ಜಲದ ಆಚೆಗಿನ ಮೀನುಗಾರಿಕೆ. ಗಡಿ 12 ನಾಟಿಕಲ್ ಮೈಲಿ, ಅಂದರೆ ದಡದಿಂದ ಸುಮಾರು 22 ಕಿಲೋಮೀಟರ್. ಅಲ್ಲಿಂದ 200 ನಾಟಿಕಲ್ ಮೈಲಿವರೆಗಿನ ವಿಶೇಷ ಆರ್ಥಿಕ ವಲಯದಲ್ಲಿ ಕೇಂದ್ರ ಕೈ ತೊಳೆದುಕೊಳ್ಳುವಂತಿಲ್ಲ. ಬಂದರಿನಲ್ಲೂ ಹೀಗೆಯೇ ಭಾಗ ಇದೆ. ಪ್ರಮುಖ ಬಂದರು ಕೇಂದ್ರದ್ದು. ಕರ್ನಾಟಕದಲ್ಲಿ ಅಂಥದ್ದು ಒಂದೇ, 1974ರ ಮೇ 4ರಂದು ಪ್ರಮುಖ ಬಂದರೆಂದು ಘೋಷಣೆಯಾದ ಪಣಂಬೂರಿನ ನವಮಂಗಳೂರು ಬಂದರು. ಕಾರವಾರ, ಬೇಲೆಕೇರಿ, ತದಡಿ, ಹೊನ್ನಾವರ, ಭಟ್ಕಳ, ಮಲ್ಪೆ, ಹಳೆ ಮಂಗಳೂರು ಎಲ್ಲವೂ ರಾಜ್ಯದ ಕೈಯಲ್ಲಿವೆ.

ಹಾಗಾಗಿ ‘ನಮ್ಮ ಬಂದರಿನಲ್ಲಿ ಹೂಳು ತುಂಬಿದೆ’ ಎಂದು ಕೇಳಬೇಡಿ. ಅದಕ್ಕೆ ಕೇಂದ್ರ ಕೊಟ್ಟ ಹಣ, ಕೇಂದ್ರದ ಸಂಸ್ಥೆ ಮಾಡಿದ ಅಧ್ಯಯನ, ಕೇಂದ್ರದ ಬಳಿ ಬಾಕಿ ಇರುವ ಕಡತ ಇವುಗಳನ್ನು ಕೇಳಿ. ಹಣ ಕೇಂದ್ರದ್ದು ಎಂದಾದ ಮೇಲೆ ‘ರಾಜ್ಯದ ವಿಷಯ’ ಎಂದಷ್ಟೇ ಹೇಳಿ ಕೂರಲು ಸಾಧ್ಯವಿಲ್ಲ.

ಚುಕ್ಕೆ ಗುರುತಿನ ಪ್ರಶ್ನೆ ಕೇಳಿಸುವುದೇ ಮೇಲಲ್ಲವೇ?

ಎಲ್ಲ ಸಲವೂ ಅಲ್ಲ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ಉತ್ತರಿಸಬೇಕು. ಕೇಳಿದ ಸದಸ್ಯರಿಗೆ ಎರಡು ಉಪಪ್ರಶ್ನೆ ಕೇಳಲು ಅವಕಾಶ ಇರುತ್ತದೆ. ಲೋಕಸಭೆಯಲ್ಲಿ ದಿನಕ್ಕೆ ಇಂಥವು 20, ರಾಜ್ಯಸಭೆಯಲ್ಲಿ 15. ಲಿಖಿತ ಉತ್ತರದ ಚುಕ್ಕೆರಹಿತ ಪ್ರಶ್ನೆಗಳು ಕ್ರಮವಾಗಿ 230 ಮತ್ತು 160. ಲೋಕಸಭೆಯಲ್ಲಿ ಪ್ರಶ್ನೋತ್ತರ ವೇಳೆ ಬೆಳಿಗ್ಗೆ 11ರಿಂದ 12, ರಾಜ್ಯಸಭೆಯಲ್ಲಿ ಮಧ್ಯಾಹ್ನ 12ರಿಂದ 1. ಆ ಒಂದು ಗಂಟೆಯಲ್ಲಿ ಬಾಯಿಮಾತಿನ ಚರ್ಚೆಗೆ ಬರುವುದು ಪಟ್ಟಿಯ ಮೊದಲ ನಾಲ್ಕಾರು ಮಾತ್ರ. ಯಾವುದು ಎಷ್ಟನೆಯದು ಎಂಬುದು ಲಾಟರಿಯಲ್ಲಿ ತೀರ್ಮಾನವಾಗುತ್ತದೆ. ಗದ್ದಲವಾಗಿ ಸದನ ಮುಂದೂಡಿದರೆ ಅದೂ ಇಲ್ಲ, ಲಿಖಿತ ಉತ್ತರವಷ್ಟೇ ಮೇಜಿನ ಮೇಲೆ.

ಅಂಕಿ, ತಾರೀಕು, ಬಂದರುವಾರು ಪಟ್ಟಿ ಬೇಕಿದ್ದರೆ ಚುಕ್ಕೆರಹಿತ ಪ್ರಶ್ನೆಯೇ ಒಳ್ಳೆಯದು. ಸಚಿವರಿಂದ ಸದನದಲ್ಲಿ ಒಂದು ಮಾತು ಹೇಳಿಸಬೇಕಿದ್ದರೆ, ನೀತಿಯ ನಿಲುವು ಬೇಕಿದ್ದರೆ ಚುಕ್ಕೆ ಗುರುತಿನದು. ಅನುಭವಸ್ಥ ಸಂಸದರ ಕಚೇರಿಗಳು ಮೊದಲು ಚುಕ್ಕೆರಹಿತ ಪ್ರಶ್ನೆಯಲ್ಲಿ ಅಂಕಿ ತರಿಸಿಕೊಂಡು, ಮುಂದಿನ ಅಧಿವೇಶನದಲ್ಲಿ ಅದನ್ನೇ ಹಿಡಿದು ಚುಕ್ಕೆ ಗುರುತಿನ ಪ್ರಶ್ನೆ ಹಾಕುತ್ತವೆ. ನಮ್ಮ ಸಲಹೆಯೂ ಅದೇ.

ಎಷ್ಟು ದಿನ ಮೊದಲು ಕೊಡಬೇಕು?

ನೋಟಿಸಿನ ದಿನ ಮತ್ತು ಉತ್ತರದ ದಿನ ಎರಡನ್ನೂ ಬಿಟ್ಟು ನಡುವೆ 15 ಪೂರ್ಣ ದಿನ ಇರಬೇಕು. ಡಿಸೆಂಬರ್ 16ಕ್ಕೆ ಉತ್ತರ ಬೇಕಿದ್ದರೆ ನವೆಂಬರ್ 30ರೊಳಗೆ. ಆದರೆ ಲೆಕ್ಕ ನೀವೇ ಹಾಕಬೇಡಿ. ಪ್ರತಿ ಅಧಿವೇಶನಕ್ಕೂ ಸಚಿವಾಲಯಗಳನ್ನು ಐದು ಗುಂಪು ಮಾಡಿ, ಯಾವ ಗುಂಪಿಗೆ ವಾರದ ಯಾವ ದಿನ, ನೋಟಿಸ್ ಕೊಡಲು ಕೊನೆಯ ದಿನ ಯಾವುದು ಎಂಬ ಪಟ್ಟಿಯನ್ನು ಲೋಕಸಭಾ ಸಚಿವಾಲಯವೇ ಹೊರಡಿಸುತ್ತದೆ. ಅದು ಸಂಸದರ ಕಚೇರಿಯಲ್ಲಿ ಇರುತ್ತದೆ. ಒಬ್ಬ ಸದಸ್ಯರು ಒಂದು ದಿನಕ್ಕೆ ಎರಡೂ ಬಗೆ ಸೇರಿ ಐದು ನೋಟಿಸ್ ಮಾತ್ರ ಕೊಡಬಹುದು. ಅಂದರೆ ನಿಮ್ಮ ಪ್ರಶ್ನೆ ರೈಲು, ಹೆದ್ದಾರಿ, ಅಡಿಕೆ ಪ್ರಶ್ನೆಗಳ ಜೊತೆ ಸ್ಪರ್ಧೆಗೆ ಬೀಳುತ್ತದೆ. ಕೊನೆಯ ದಿನಕ್ಕಿಂತ ಕನಿಷ್ಠ ಒಂದು ವಾರ ಮೊದಲು ತಲುಪಿಸಿ.

ಅಧಿವೇಶನವನ್ನೂ ನೋಡಿ ಆರಿಸಿಕೊಳ್ಳಿ. ಮುಂಗಾರು ಅಧಿವೇಶನ ಸಾಮಾನ್ಯವಾಗಿ ಜುಲೈ–ಆಗಸ್ಟ್‌ನಲ್ಲಿ, ನಮ್ಮ ಕಡೆ ಮೀನುಗಾರಿಕೆ ನಿಷೇಧದ ಕಾಲ ಮುಗಿಯುವ ಹೊತ್ತಿಗೆ ಬರುತ್ತದೆ. ಪರಿಹಾರದ ಹಣ ಎಷ್ಟು ಮಂದಿಗೆ, ಯಾವ ದಿನ ಬಂತು ಎಂದು ಕೇಳಲು ಅದೇ ಸಮಯ. ಬಂದರಿನ ಬಾಕಿ ಯೋಜನೆಗಳನ್ನು ಚಳಿಗಾಲದ ಅಧಿವೇಶನದಲ್ಲಿ ಕೇಳಿ, ಆಗ ಮುಂದಿನ ಬಜೆಟ್ಟಿನ ತಯಾರಿ ನಡೆಯುತ್ತಿರುತ್ತದೆ.

ಪ್ರಶ್ನೆಯನ್ನು ಹೇಗೆ ಬರೆಯಬೇಕು? ಮಾದರಿ ಕೊಡಿ.

ಮೊದಲು ಬರೆಯಬಾರದ ರೀತಿ:

‘ಕರ್ನಾಟಕದ ಬಂದರುಗಳಲ್ಲಿ ಹೂಳು ತುಂಬಿ ಮೀನುಗಾರರು ತೀವ್ರ ಸಂಕಷ್ಟದಲ್ಲಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದರೆ ಕೈಗೊಂಡ ಕ್ರಮಗಳೇನು?’

ಇದಕ್ಕೆ ಬರುವ ಉತ್ತರವನ್ನು ಈಗಲೇ ಹೇಳಬಹುದು. ಬಂದರು ನಿರ್ವಹಣೆ ರಾಜ್ಯದ ಹೊಣೆ, ಆದರೂ ಭಾರತ ಸರ್ಕಾರ 2020–21ರಿಂದ 20,050 ಕೋಟಿ ರೂಪಾಯಿ ಹೂಡಿಕೆಯ ಮತ್ಸ್ಯ ಸಂಪದ ಯೋಜನೆ ಜಾರಿ ಮಾಡಿದೆ, 7,522.48 ಕೋಟಿಯ ಮೂಲಸೌಕರ್ಯ ನಿಧಿಯೂ ಇದೆ. ಅಷ್ಟೇ. ಉತ್ತರದಲ್ಲಿ ತಪ್ಪು ಒಂದೂ ಇರುವುದಿಲ್ಲ, ನಿಮಗೆ ಸಿಕ್ಕಿದ್ದೂ ಏನೂ ಇರುವುದಿಲ್ಲ.

ಅದನ್ನೇ ಹೀಗೆ ಬರೆಯಿರಿ:

(ಅ) ಮೀನುಗಾರಿಕಾ ಬಂದರು ಹಾಗೂ ಮೀನು ಇಳಿದಾಣಗಳ ಅಭಿವೃದ್ಧಿ ಮತ್ತು ಹೂಳೆತ್ತುವಿಕೆಗೆ 2020–21ರಿಂದ ಈವರೆಗೆ ಕರ್ನಾಟಕದಿಂದ ಸ್ವೀಕರಿಸಿದ ಪ್ರಸ್ತಾವಗಳು, ಬಂದರಿನ ಹೆಸರು ಮತ್ತು ಸ್ವೀಕರಿಸಿದ ದಿನಾಂಕ ಸಹಿತ;
(ಆ) ಅವುಗಳಲ್ಲಿ ಪ್ರತಿಯೊಂದಕ್ಕೂ ಮಂಜೂರಾದ ಕೇಂದ್ರ ಪಾಲು, ಬಿಡುಗಡೆಯಾದ ಮೊತ್ತ, ಬಳಕೆ ಪ್ರಮಾಣಪತ್ರ ಬಂದಿರುವ ಮೊತ್ತ;
(ಇ) ಸ್ಪಷ್ಟೀಕರಣ ಕೇಳಿ ಹಿಂದಿರುಗಿಸಿದ ಪ್ರಸ್ತಾವಗಳು, ಹಿಂದಿರುಗಿಸಿದ ದಿನಾಂಕ ಮತ್ತು ಕಾರಣ;
(ಈ) ಬೆಂಗಳೂರಿನ ಕೇಂದ್ರೀಯ ಮೀನುಗಾರಿಕಾ ಕರಾವಳಿ ಎಂಜಿನಿಯರಿಂಗ್ ಸಂಸ್ಥೆಯ ಪರಿಶೀಲನೆಯಲ್ಲಿರುವ ಯೋಜನಾ ವರದಿಗಳು ಯಾವುವು, ಎಂದಿನಿಂದ?

ವ್ಯತ್ಯಾಸ ಕಾಣುತ್ತದೆ. ‘ತೀವ್ರ ಸಂಕಷ್ಟ’ ಹೋಯಿತು, ಏಕೆಂದರೆ ವಾದ, ಆರೋಪ, ವಿಶೇಷಣಗಳನ್ನು ನಿಯಮವೇ ಒಪ್ಪುವುದಿಲ್ಲ, ಸಚಿವಾಲಯವೂ ಅದನ್ನೇ ಹಿಡಿದು ಜಾರಿಕೊಳ್ಳುತ್ತದೆ. ಪ್ರತಿ ಭಾಗಕ್ಕೂ ಉತ್ತರವಾಗಿ ಒಂದು ತಾರೀಕು ಅಥವಾ ಒಂದು ಮೊತ್ತ ಬರಲೇಬೇಕು. ಭಾಗ (ಈ) ಯಾಕೆ ಎಂದರೆ, ಮೀನುಗಾರಿಕಾ ಬಂದರುಗಳ ತಾಂತ್ರಿಕ ಅಧ್ಯಯನ ಮಾಡುವ, ವರದಿ ಪರಿಶೀಲಿಸುವ ಕೇಂದ್ರ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಕಡತಗಳು ಅಲ್ಲಿ ಕಾದಿರುವುದು ಹೊರಗೆ ಗೊತ್ತಾಗುವುದು ಕಡಿಮೆ. ಪ್ರಶ್ನೆ ಒಟ್ಟು 150 ಪದ ಮೀರಬಾರದು. ‘ಕಳೆದ ಹತ್ತು ವರ್ಷ’ ಎಂದು ಹಾಕಿದರೆ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರವನ್ನು ನೀವೇ ಕರೆದಂತೆ. ಮೂರರಿಂದ ಐದು ವರ್ಷ ಸಾಕು. ಅದೇ ಅಧಿವೇಶನದಲ್ಲಿ ಈಗಾಗಲೇ ಉತ್ತರವಾದ ವಿಷಯವನ್ನು ಮತ್ತೆ ಕೇಳಿದರೆ ಅಂಗೀಕಾರವಾಗುವುದಿಲ್ಲ, ಮೊದಲೇ ಹುಡುಕಿ ನೋಡಿ.

ವಿಷಯ ಕೋರ್ಟಿನಲ್ಲಿದ್ದರೆ ಕೇಳುವಂತೆಯೇ ಇಲ್ಲವೇ?

ತೀರ್ಪಿಗೆ ಬಿಟ್ಟಿರುವ ಅಂಶವನ್ನು ಕೇಳುವಂತಿಲ್ಲ. ಸುತ್ತಲಿನ ಸಂಗತಿಗಳನ್ನು ಕೇಳಬಹುದು. 2025ರ ಮೇ 25ರಂದು ಕೊಚ್ಚಿ ಆಚೆ ಮುಳುಗಿದ ‘ಎಂಎಸ್‌ಸಿ ಎಲ್ಸಾ 3’ ಇದಕ್ಕೆ ಒಳ್ಳೆಯ ಉದಾಹರಣೆ. ಲೈಬೀರಿಯಾ ಧ್ವಜದ ಆ ಹಡಗಿನಲ್ಲಿ 640 ಕಂಟೇನರ್ ಇದ್ದವು. 13ರಲ್ಲಿ ಅಪಾಯಕಾರಿ ಸರಕು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್; ಟ್ಯಾಂಕಿನಲ್ಲಿ 84.44 ಟನ್ ಡೀಸೆಲ್, 367.1 ಟನ್ ಫರ್ನೇಸ್ ಆಯಿಲ್. ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೋರಿ ಅಲ್ಲಿನ ಹೈಕೋರ್ಟಿಗೆ ಹೋಯಿತು. ಹದಿನೈದು ದಿನಕ್ಕೆ, ಜೂನ್ 9ರಂದು ‘ವಾನ್ ಹೈ 503’ ಹಡಗಿಗೆ ಬೆಂಕಿ ಬಿತ್ತು. ಪಾರಾದ 18 ನಾವಿಕರನ್ನು ಕರೆತಂದದ್ದು ನವಮಂಗಳೂರು ಬಂದರಿಗೆ.

ಇಲ್ಲಿ ‘ಹಡಗು ಕಂಪನಿಯೇ ಹೊಣೆ ಅಲ್ಲವೇ, ಎಷ್ಟು ಪರಿಹಾರ ಕೊಡಿಸುತ್ತೀರಿ’ ಎಂದರೆ ‘ವಿಷಯ ನ್ಯಾಯಾಲಯದಲ್ಲಿದೆ’ ಎಂಬ ಒಂದೇ ಸಾಲು ಬರುತ್ತದೆ. ಟ್ಯಾಂಕಿನಿಂದ ಎಷ್ಟು ಎಣ್ಣೆ ಹೊರತೆಗೆದರು, ಯಾವ ದಿನದವರೆಗೆ; ಎಷ್ಟು ಕಂಟೇನರ್ ಸಿಕ್ಕವು, ಎಷ್ಟು ಇನ್ನೂ ತಳದಲ್ಲಿವೆ; ಬೋಟುಗಳ ಬಲೆ ಸಿಕ್ಕಿಕೊಳ್ಳದಂತೆ ಆ ಜಾಗದ ಅಕ್ಷಾಂಶ ರೇಖಾಂಶವನ್ನು ಯಾವ ರಾಜ್ಯಗಳಿಗೆ ತಿಳಿಸಲಾಯಿತು? ಇವುಗಳಿಗೆ ಕೋರ್ಟು ಅಡ್ಡ ಬರುವುದಿಲ್ಲ. ಟ್ರಾಲ್ ಬೋಟಿನವರಿಗೆ ಬೇಕಾದದ್ದೂ ಈ ಮೂರನೆಯದೇ.

ಉತ್ತರವನ್ನು ನಿಜವಾಗಿ ಬರೆಯುವವರು ಯಾರು?

ಸಂಬಂಧಪಟ್ಟ ವಿಭಾಗದ ಅಧಿಕಾರಿಗಳು ಕರಡು ಬರೆಯುತ್ತಾರೆ. ಅದು ಜಂಟಿ ಕಾರ್ಯದರ್ಶಿ, ಕಾರ್ಯದರ್ಶಿಗಳ ಮೂಲಕ ಸಚಿವರ ಅನುಮೋದನೆಗೆ ಹೋಗುತ್ತದೆ. ಪ್ರಶ್ನೆ ಅಂಗೀಕಾರವಾಯಿತೆಂದು ತಿಳಿಸಿದ ಮೇಲೆ ಕನಿಷ್ಠ ಐದು ದಿನ ಸಿಗುತ್ತದೆ. ಚುಕ್ಕೆ ಗುರುತಿನದಾದರೆ ಉಪಪ್ರಶ್ನೆಗಳನ್ನು ಊಹಿಸಿ ದಪ್ಪ ಟಿಪ್ಪಣಿ ಸಿದ್ಧ ಮಾಡುತ್ತಾರೆ. ರಾಜ್ಯದಿಂದ ಅಂಕಿ ಬೇಕಿದ್ದರೆ ಆ ಕೆಲವೇ ದಿನಗಳಲ್ಲಿ ಬೆಂಗಳೂರಿಗೆ ಇಮೇಲ್ ಹೋಗಿ, ಅಲ್ಲಿಂದ ಜಿಲ್ಲೆಗಳಿಗೆ ಹೋಗಿ ಬರಬೇಕು. ಕಳೆದ ವರ್ಷದ ಅಂಕಿಯೇ ಮತ್ತೆ ಮತ್ತೆ ಉತ್ತರಗಳಲ್ಲಿ ಕಾಣಲು ಈ ಅವಸರವೇ ಕಾರಣ.

ಉತ್ತರದಲ್ಲಿ ಕೋಟಿಗಟ್ಟಲೆ ಮೊತ್ತ ಇದೆ, ಬಂದರಿನಲ್ಲಿ ಕೆಲಸ ಕಾಣುವುದಿಲ್ಲ. ಯಾವುದು ಸರಿ?

ಎರಡೂ ಸರಿ ಇರಬಹುದು. ಉತ್ತರದ ಕೋಷ್ಟಕದಲ್ಲಿ ಯಾವ ಕಾಲಂ ಇದೆ ಎಂದು ಮೊದಲು ನೋಡಿ. ‘ಒಟ್ಟು ಯೋಜನಾ ವೆಚ್ಚ’ ಎಂದರೆ ಕೇಂದ್ರ, ರಾಜ್ಯ, ಫಲಾನುಭವಿ ಮೂವರ ಹಣವೂ ಸೇರಿದ ಅಂದಾಜು. ಮತ್ಸ್ಯ ಸಂಪದದ 20,050 ಕೋಟಿಯಲ್ಲೇ ಕೇಂದ್ರದ ಪಾಲು 9,407 ಕೋಟಿ, ರಾಜ್ಯಗಳದ್ದು 4,880 ಕೋಟಿ, ಉಳಿದ 5,763 ಕೋಟಿ ಫಲಾನುಭವಿಗಳು ಹಾಕಬೇಕಾದದ್ದು. ಅಂದರೆ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಮೀನುಗಾರರ ಮತ್ತು ಕೃಷಿಕರ ಸ್ವಂತ ದುಡ್ಡು ಅಥವಾ ಬ್ಯಾಂಕ್ ಸಾಲ. ಇದನ್ನು ಸರ್ಕಾರ ಕೊಟ್ಟ ಹಣ ಎಂದು ಪತ್ರಿಕೆಗಳಲ್ಲೂ ಬರೆದುಬಿಡುತ್ತಾರೆ.

‘ಮಂಜೂರು’ ಎಂದರೆ ಒಪ್ಪಿಗೆ, ದುಡ್ಡಲ್ಲ. ‘ಬಿಡುಗಡೆ’ ಎಂದರೆ ದೆಹಲಿಯಿಂದ ಹೊರಟಿದೆ. ‘ಬಳಕೆ’ ಎಂದರೆ ಖರ್ಚಾಗಿ ಪ್ರಮಾಣಪತ್ರ ಹೋಗಿದೆ. ಹಿಂದಿನ ಕಂತಿನ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಬರುವುದಿಲ್ಲ. ಕೆಲಸ ನಿಂತ ಬಹಳ ಕಡೆ ಕಾರಣ ಇಲ್ಲೇ ಸಿಕ್ಕಿಕೊಂಡಿರುತ್ತದೆ. ಮೂರೂ ಕಾಲಂ ಕೇಳದೆ ಒಂದನ್ನೇ ಕೇಳಿದರೆ ಸಚಿವಾಲಯ ಅತಿ ದೊಡ್ಡ ಅಂಕಿ ಇರುವುದನ್ನೇ ಕೊಡುತ್ತದೆ.

ವೈಯಕ್ತಿಕ ಸಹಾಯಧನವನ್ನೂ ಹೀಗೆಯೇ ಓದಿ. ಘಟಕ ವೆಚ್ಚದ ಶೇ 40 ಸಾಮಾನ್ಯ ವರ್ಗಕ್ಕೆ, ಶೇ 60 ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ. ಘಟಕ ವೆಚ್ಚ ಎಂದರೆ ಮಾರ್ಗಸೂಚಿಯಲ್ಲಿ ನಿಗದಿಯಾದ ಮಿತಿ, ನೀವು ಬೋಟಿಗೆ ನಿಜವಾಗಿ ಹಾಕಿದ ಹಣವಲ್ಲ.

ಹಡಗಿನ ಕಡೆಗೂ ಇದೇ ಕಣ್ಣು ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಸಂಪುಟ ಒಪ್ಪಿದ 69,725 ಕೋಟಿ ರೂಪಾಯಿಯ ಹಡಗು ನಿರ್ಮಾಣ ಪ್ಯಾಕೇಜಿನಲ್ಲಿ 24,736 ಕೋಟಿ ನಿರ್ಮಾಣ ನೆರವು, 25,000 ಕೋಟಿ ಸಾಗರ ಅಭಿವೃದ್ಧಿ ನಿಧಿ, 19,989 ಕೋಟಿ ಯಾರ್ಡುಗಳ ಸಾಮರ್ಥ್ಯ ಹೆಚ್ಚಿಸಲು. ಮೂರೂ ಬೇರೆ ಬೇರೆ ದಾರಿಯಲ್ಲಿ ಹರಿಯುವ ಹಣ, ಪ್ರಶ್ನೆಯಲ್ಲಿ ಮೂರನ್ನೂ ಬೇರೆ ಬೇರೆ ಕೇಳಬೇಕು.

‘ಅಂಥ ಪ್ರಸ್ತಾವ ಸ್ವೀಕೃತವಾಗಿಲ್ಲ’ ಎಂದರೆ?

ರಾಜ್ಯ ಸರ್ಕಾರದಿಂದ ವಿಸ್ತೃತ ಯೋಜನಾ ವರದಿ ಕೇಂದ್ರಕ್ಕೆ ಬಂದಿಲ್ಲ ಎಂದರ್ಥ. ಇದು ಬಹಳ ಉಪಯೋಗದ ಉತ್ತರ, ಬೇಸರ ಬೇಡ. ಆ ಪ್ರತಿಯನ್ನು ಹಿಡಿದು ನಿಮ್ಮ ಶಾಸಕರ ಬಳಿ ಹೋಗಿ, ವಿಧಾನಸಭೆಯಲ್ಲಿ ‘ಪ್ರಸ್ತಾವ ಕಳುಹಿಸಿದ್ದೀರಾ, ಯಾವ ದಿನಾಂಕ, ಪತ್ರ ಸಂಖ್ಯೆ ಏನು’ ಎಂದು ಕೇಳಿಸಿ. ಎರಡು ಸದನಗಳ ಉತ್ತರ ಅಕ್ಕಪಕ್ಕ ಇಟ್ಟರೆ ಕಡತ ಎಲ್ಲಿ ನಿಂತಿದೆ ಎಂಬುದು ತಿಳಿಯುತ್ತದೆ. ಎರಡು ಕಡೆಯೂ ‘ನಮ್ಮಲ್ಲಿಲ್ಲ’ ಎಂದರೆ ಪತ್ರ ಸಂಖ್ಯೆ ಇರುವವರ ಮಾತು ನಿಲ್ಲುತ್ತದೆ.

ಕುಳಾಯಿಯಂಥ ಯೋಜನೆಯಲ್ಲಿ ಇನ್ನೊಂದು ತೊಡಕು. 2022ರ ಸೆಪ್ಟೆಂಬರ್ 2ರಂದು ಪ್ರಧಾನಿ ಮಂಗಳೂರಿನಲ್ಲಿ ಶಿಲಾನ್ಯಾಸ ಮಾಡಿದ ಕುಳಾಯಿ ಮೀನುಗಾರಿಕಾ ಬಂದರಿಗೆ ಸಾಗರಮಾಲಾ ಹಾಗೂ ಮತ್ಸ್ಯ ಸಂಪದ ಎರಡರ ಹಣವೂ ಇದೆ, ನವಮಂಗಳೂರು ಬಂದರು ಪ್ರಾಧಿಕಾರದ ಪಾತ್ರವೂ ಇದೆ. ಅಲ್ಲಿ ಒಂದೇ ಸಚಿವಾಲಯವನ್ನು ಕೇಳಿದರೆ ಅರ್ಧ ಚಿತ್ರ ಮಾತ್ರ ಬರುತ್ತದೆ.

ಮೀನು ಉತ್ಪಾದನೆಯ ಅಂಕಿ ಒಂದು ಉತ್ತರದಿಂದ ಇನ್ನೊಂದಕ್ಕೆ ಬೇರೆ ಇದೆಯಲ್ಲ?

ಕೊಚ್ಚಿಯ ಸಂಶೋಧನಾ ಸಂಸ್ಥೆ ಇಳಿದಾಣಗಳಲ್ಲಿ ಮಾದರಿ ಸಮೀಕ್ಷೆ ಮಾಡಿ ಅಂದಾಜು ಹಾಕುತ್ತದೆ. ರಾಜ್ಯ ಇಲಾಖೆ ತನ್ನ ಸಿಬ್ಬಂದಿಯಿಂದ ಲೆಕ್ಕ ತರಿಸುತ್ತದೆ. ಒಂದು ಕ್ಯಾಲೆಂಡರ್ ವರ್ಷದ್ದು, ಇನ್ನೊಂದು ಹಣಕಾಸು ವರ್ಷದ್ದು ಆಗಿರಲೂ ಸಾಧ್ಯ. ಹೋಲಿಸುವಾಗ ಒಂದೇ ಮೂಲದ್ದನ್ನು ಹೋಲಿಸಿ.

ನಿಷೇಧದ ಅವಧಿಯ ಬಗ್ಗೆ ಕೇಂದ್ರವನ್ನು ಕೇಳಬೇಕೇ, ರಾಜ್ಯವನ್ನೇ?

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31, ಪೂರ್ವದಲ್ಲಿ ಏಪ್ರಿಲ್ 15ರಿಂದ ಜೂನ್ 14. ಎರಡೂ ಕಡೆ 61 ದಿನ. 12 ನಾಟಿಕಲ್ ಮೈಲಿ ಆಚೆಗೆ ಕೇಂದ್ರದ ಆದೇಶ, ಒಳಗೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ರಾಜ್ಯದ ಆದೇಶ. 10 ಅಶ್ವಶಕ್ತಿವರೆಗಿನ ನಾಡದೋಣಿಗೆ ಕರ್ನಾಟಕದಲ್ಲಿ ವಿನಾಯಿತಿ. ಅವಧಿ ಬದಲಿಸುವ ವಿಷಯ ಕೇಂದ್ರವನ್ನು ಕೇಳಿ, ದಡದಲ್ಲಿ ಜಾರಿ ಆಗುತ್ತಿಲ್ಲ ಎಂಬುದನ್ನು ರಾಜ್ಯವನ್ನು ಕೇಳಿ. ನಿಷೇಧದ ಕಾಲದ ಉಳಿತಾಯ-ಪರಿಹಾರದಲ್ಲಿ ಮೀನುಗಾರ 1,500 ರೂಪಾಯಿ ತುಂಬಿದರೆ ಸರ್ಕಾರಗಳು 3,000 ಸೇರಿಸಿ ಒಟ್ಟು 4,500 ಕೊಡಬೇಕು. ಕೇಂದ್ರದ ಪಾಲು ಯಾವ ತಾರೀಕಿಗೆ ಹೋಯಿತು ಎಂಬ ಒಂದೇ ಪ್ರಶ್ನೆ ಇಲ್ಲಿ ಮುಖ್ಯ. ಹಸಿವಿನ ತಿಂಗಳ ಹಣ ಅಕ್ಟೋಬರಿಗೆ ಬಂದರೆ ಅದರ ಉದ್ದೇಶವೇ ಕೆಟ್ಟಂತೆ.

ಬೆಳಕು ಮೀನುಗಾರಿಕೆ ಮತ್ತು ಹೊಸ ಪಾಸ್ ಬಗ್ಗೆ ಏನು ಕೇಳಬಹುದು?

ಎಲ್‌ಇಡಿ ಬೆಳಕು ಮತ್ತು ಬುಲ್ ಟ್ರಾಲಿಂಗನ್ನು (ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು) ವಿಶೇಷ ಆರ್ಥಿಕ ವಲಯದಲ್ಲಿ ಕೇಂದ್ರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. 2025ರ ನವೆಂಬರ್‌ನಲ್ಲಿ ಹೊರಡಿಸಿದ ವಿಶೇಷ ಆರ್ಥಿಕ ವಲಯದ ಮೀನುಗಾರಿಕೆ ನಿಯಮಗಳಲ್ಲೂ ಅದು ಮುಂದುವರಿದಿದೆ. ಈ ನಿಯಮದ ಪ್ರಕಾರ ಯಾಂತ್ರೀಕೃತ ಬೋಟುಗಳು ಮತ್ತು ದೊಡ್ಡ ಮೋಟಾರು ದೋಣಿಗಳು ‘ರಿಯಲ್‌ಕ್ರಾಫ್ಟ್’ ಪೋರ್ಟಲ್‌ನಲ್ಲಿ ಉಚಿತ ಪ್ರವೇಶ ಪಾಸ್ ಪಡೆಯಬೇಕು. ಸಾಂಪ್ರದಾಯಿಕ ಮತ್ತು ಸಣ್ಣ ದೋಣಿಗಳಿಗೆ ಬೇಡ. ‘ನಿಷೇಧ ಇದೆಯೇ’ ಎಂದು ಕೇಳುವುದು ವ್ಯರ್ಥ. ರಾಜ್ಯವಾರು ಎಷ್ಟು ಅರ್ಜಿ, ಎಷ್ಟು ಪಾಸ್, ತಿರಸ್ಕಾರಕ್ಕೆ ಕಾರಣ. ಕೋಸ್ಟ್‌ಗಾರ್ಡ್ ಹಿಡಿದ ಬೋಟುಗಳೆಷ್ಟು, ಜನರೇಟರ್ ಮತ್ತು ದೀಪ ಜಪ್ತಿಯಾದವೇ? ಇವನ್ನು ಕೇಳಿ. ಕೊನೆಯದು ರಕ್ಷಣಾ ಸಚಿವಾಲಯಕ್ಕೆ ಪ್ರತ್ಯೇಕ ಪ್ರಶ್ನೆ.

ಅಂಕೋಲಾದ ಕೇಣಿ, ಹೊನ್ನಾವರದ ಕಾಸರಕೋಡು ಟೊಂಕದಂಥ ಹೊಸ ಬಂದರುಗಳ ಬಗ್ಗೆ?

ಇವು ಪ್ರಮುಖ ಬಂದರುಗಳಲ್ಲ. ಹಡಗು ಸಚಿವರನ್ನು ಕೇಳಿದರೆ ರಾಜ್ಯದ ಕಡೆ, ಕರ್ನಾಟಕ ಜಲಸಾರಿಗೆ ಮಂಡಳಿಯ ಕಡೆ ಬೆರಳು ತೋರಿಸುತ್ತಾರೆ. ಕೇಂದ್ರದಲ್ಲಿ ಹಿಡಿಯಬಹುದಾದ ಎಳೆ ಪರಿಸರ ಅನುಮತಿ: ಅನುಮತಿಯ ಷರತ್ತುಗಳು, ಆರು ತಿಂಗಳಿಗೊಮ್ಮೆ ಸಲ್ಲಿಸಬೇಕಾದ ಪಾಲನಾ ವರದಿ ಬಂದಿದೆಯೇ, ಪ್ರಾದೇಶಿಕ ಕಚೇರಿ ಸ್ಥಳ ಪರಿಶೀಲನೆ ಮಾಡಿದ ದಿನ. ಸಾರ್ವಜನಿಕ ಅಹವಾಲು ಸಭೆಯಲ್ಲಿ ಬಂದ ಆಕ್ಷೇಪಗಳ ಸಂಖ್ಯೆಯನ್ನೂ ಕೇಳಬಹುದು.

ಬೋಟ್ ಕಾಣೆಯಾಗಿದೆ. 15 ದಿನ ಕಾಯುವುದು ಹೇಗೆ?

ಕಾಯಬೇಡಿ, ಪ್ರಶ್ನೆ ಇದಕ್ಕೆ ದಾರಿಯಲ್ಲ. ಮಲ್ಪೆಯ ‘ಸುವರ್ಣ ತ್ರಿಭುಜ’ 2018ರ ಡಿಸೆಂಬರ್ ನಡುವಿನಲ್ಲಿ ಏಳು ಮಂದಿಯೊಂದಿಗೆ ಕಣ್ಮರೆಯಾದಾಗ ಚಳಿಗಾಲದ ಅಧಿವೇಶನ ನಡೆಯುತ್ತಿತ್ತು. ಜನವರಿ ಎರಡನೇ ವಾರಕ್ಕೆ ಅದು ಮುಗಿದೂಹೋಯಿತು. ಮಹಾರಾಷ್ಟ್ರದ ಮಾಲ್ವಣ್ ಆಚೆ ಬೋಟಿನ ಅವಶೇಷವನ್ನು ನೌಕಾಪಡೆ ಪತ್ತೆ ಮಾಡಿದ್ದು ಮರುವರ್ಷ ಮೇ ತಿಂಗಳಲ್ಲಿ. ಇಂಥ ತುರ್ತಿನಲ್ಲಿ ಮೊದಲು ಕೋಸ್ಟ್‌ಗಾರ್ಡ್‌ನ 1554 ಮತ್ತು ಕರಾವಳಿ ಕಾವಲು ಪೊಲೀಸರ 1093. ಸದನದಲ್ಲಿ ಶೂನ್ಯವೇಳೆ, ಸಾರ್ವಜನಿಕ ಮಹತ್ವದ ವಿಷಯ ಎತ್ತಲು ಇರುವ ಲೋಕಸಭೆಯ ನಿಯಮ 377 ಅಥವಾ ಸಂಸದರು ನೇರವಾಗಿ ರಕ್ಷಣಾ ಸಚಿವರಿಗೆ ಕೊಡುವ ಪತ್ರ. ಅಲ್ಪಾವಧಿ ಸೂಚನೆಯ ಪ್ರಶ್ನೆ ಎಂಬುದೂ ಇದೆ, ಅದಕ್ಕೆ ಸಚಿವರ ಒಪ್ಪಿಗೆ ಬೇಕು.

ಪ್ರಶ್ನೆ ನಂತರಕ್ಕೆ. ಆ ಬೋಟಿನಲ್ಲಿ ಅದು ಎಲ್ಲಿದೆ ಎಂದು ತಿಳಿಸುವ ಟ್ರಾನ್ಸ್‌ಪಾಂಡರ್ ಇತ್ತೇ, ಒಂದು ಲಕ್ಷ ಬೋಟುಗಳಿಗೆ ಉಚಿತವಾಗಿ ಅಳವಡಿಸುವ 364 ಕೋಟಿ ರೂಪಾಯಿಯ ಯೋಜನೆಯಲ್ಲಿ ಕರ್ನಾಟಕದ ಪಾಲೆಷ್ಟು, ಅಳವಡಿಸಿದ್ದೆಷ್ಟು, ಕೆಟ್ಟು ಕೂತದ್ದೆಷ್ಟು? ಮೃತರ ಕುಟುಂಬಕ್ಕೆ 5 ಲಕ್ಷ ರೂಪಾಯಿಯ ಗುಂಪು ಅಪಘಾತ ವಿಮೆ ಇದೆ. ಶವ ಸಿಗದ ಪ್ರಕರಣಗಳಲ್ಲಿ ಅದು ಇತ್ಯರ್ಥವಾಗಲು ಎಷ್ಟು ಕಾಲ ಹಿಡಿಯುತ್ತಿದೆ ಎಂಬ ಪ್ರಶ್ನೆಯನ್ನು ಕರಾವಳಿಯ ಪ್ರತಿ ಸಂಸದರೂ ಪ್ರತಿ ವರ್ಷ ಕೇಳಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಸಚಿವರು ‘ಪರಿಶೀಲಿಸುತ್ತೇವೆ’ ಎಂದರು. ಆಮೇಲೆ?

‘ಪರಿಶೀಲನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು’ ಎಂಬಂಥ ಮಾತುಗಳನ್ನು ಭರವಸೆ ಎಂದು ದಾಖಲಿಸುತ್ತಾರೆ. ಮೂರು ತಿಂಗಳಲ್ಲಿ ಈಡೇರಿಸಬೇಕು. ಆಗದಿದ್ದರೆ ಸಚಿವಾಲಯ ಸರ್ಕಾರಿ ಭರವಸೆಗಳ ಸಮಿತಿಯಿಂದ ಕಾಲಾವಕಾಶ ಕೇಳಬೇಕು. ಸಚಿವಾಲಯಗಳು ಈಗ ಈ ಪದಗಳನ್ನು ಎಚ್ಚರದಿಂದ ತಪ್ಪಿಸಿ ‘ಯೋಜನೆಯ ಮಾರ್ಗಸೂಚಿಯಂತೆ ಕ್ರಮವಾಗುತ್ತದೆ’ ಎಂದು ಬರೆಯುತ್ತವೆ. ಹಾಗಾಗಿಯೇ ಉಪಪ್ರಶ್ನೆ ಬೇಕು. ಸದನದಲ್ಲಿ ಸಚಿವರ ಬಾಯಿಂದ ಬಂದ ಮಾತೂ ಭರವಸೆಯೇ. ಉತ್ತರ ತೃಪ್ತಿ ಕೊಡದಿದ್ದರೆ ಅರ್ಧ ಗಂಟೆಯ ಚರ್ಚೆಗೆ ನೋಟಿಸ್ ಕೊಡಬಹುದು.

ಉತ್ತರದಲ್ಲಿ ಅಂಕಿಯೇ ತಪ್ಪಾಗಿದ್ದರೆ?

ದಾಖಲೆ ಸಹಿತ ಸಂಸದರು ಸಭಾಧ್ಯಕ್ಷರಿಗೆ ಬರೆಯಬಹುದು. ಸಭಾಧ್ಯಕ್ಷರ ನಿರ್ದೇಶನ 115 ಇದಕ್ಕೇ ಇದೆ. ಸಚಿವರೇ ತಪ್ಪು ಕಂಡು ತಿದ್ದುಪಡಿ ಹೇಳಿಕೆ ಮಂಡಿಸುವುದೂ ಉಂಟು. ಹಕ್ಕುಚ್ಯುತಿ ಆಗಬೇಕಾದರೆ ಉದ್ದೇಶಪೂರ್ವಕವಾಗಿ ದಾರಿ ತಪ್ಪಿಸಿದ್ದನ್ನು ತೋರಿಸಬೇಕು, ಅದು ಸುಲಭವಲ್ಲ.

ಹಣ ಕೊಟ್ಟರೆ ಪ್ರಶ್ನೆ ಹಾಕಿಸುತ್ತೇವೆ ಎನ್ನುವವರಿದ್ದಾರೆ.

ಒಂದು ರೂಪಾಯಿಯನ್ನೂ ಕೊಡಬೇಡಿ. ಹಣ ಪಡೆದು ಪ್ರಶ್ನೆ ಕೇಳಿದ್ದಕ್ಕೆ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಸಂಸತ್ತಿನಿಂದಲೇ ಉಚ್ಚಾಟಿಸಲಾಯಿತು. ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಪುಟದ ಮನವಿ, ಜೊತೆಗೆ ಸಿದ್ಧ ಪ್ರಶ್ನೆಯ ಕರಡು ಸಾಕು. ನಿಮ್ಮ ಕ್ಷೇತ್ರದ ಸಂಸದರೇ ಆಗಬೇಕೆಂದೂ ಇಲ್ಲ, ರಾಜ್ಯಸಭಾ ಸದಸ್ಯರಿಗೂ ಕೊಡಬಹುದು.

ಉತ್ತರ ಎಲ್ಲಿ ಸಿಗುತ್ತದೆ? ಸಿಗದಿದ್ದರೆ?

ಸಂಸತ್ತಿನ ‘ಸಂಸದ್’ ಜಾಲತಾಣದಲ್ಲಿ ಸದನ, ಸಚಿವಾಲಯ, ದಿನಾಂಕ ಹಾಕಿ ಹುಡುಕಿದರೆ ಪಿಡಿಎಫ್ ಸಿಗುತ್ತದೆ. ಪ್ರಶ್ನೆ ಸಂಖ್ಯೆ ಬರೆದಿಟ್ಟುಕೊಳ್ಳಿ, ಮುಂದಿನ ಪತ್ರಗಳಲ್ಲಿ ಅದೇ ಆಧಾರ. ಮುಖ್ಯ ಮಾಹಿತಿ ಸಾಮಾನ್ಯವಾಗಿ ಕೊನೆಯ ಅನುಬಂಧದಲ್ಲಿರುತ್ತದೆ, ಮೊದಲ ಪುಟಕ್ಕೇ ನಿಲ್ಲಬೇಡಿ. ಅನುಬಂಧದಲ್ಲೂ ಬರದ ಮಾಹಿತಿಯನ್ನು ಆ ಪ್ರಶ್ನೆ ಸಂಖ್ಯೆಯನ್ನೇ ಉಲ್ಲೇಖಿಸಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಕೇಂದ್ರದ ಇಲಾಖೆಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಈ ಉತ್ತರ ಸಿದ್ಧಪಡಿಸಲು ರಾಜ್ಯದಿಂದ ಪಡೆದ ಪತ್ರಗಳ ಪ್ರತಿ ಕೊಡಿ’ ಎಂದು ಬರೆದರೆ ಜಿಲ್ಲೆಯಿಂದ ಹೋದ ಮೂಲ ಅಂಕಿಗಳು ಕೈಗೆ ಬರುತ್ತವೆ.